ಯಂತ್ರದಕ್ಕ ಬದಲಿಸಿದ ಒಂದು ಸಾಲು

ಆ ಕಚೇರಿಯಲ್ಲಿ ಅವಳಿಗಿದ್ದ ಹೆಸರು ಯಂತ್ರದಕ್ಕ. ನಿರ್ದೇಶಕರು ಕರೆಯುವುದೂ ಹಾಗೇ, ಕಸ ಗುಡಿಸುವ ಹೆಂಗಸು ಕರೆಯುವುದೂ ಹಾಗೇ. ಕಾಗದದ ಮೇಲೆ ಬೇರೇನೋ ದೊಡ್ಡ ಹುದ್ದೆ ಬರೆದಿತ್ತು, ಆದರೆ ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟು ಉಸಿರು ಯಾರಲ್ಲೂ ಇರಲಿಲ್ಲ. ಆಸ್ಪತ್ರೆಯ ಹಿಂಬದಿಗೆ ಒಂದು ಮೂರಂತಸ್ತಿನ ಕಟ್ಟಡ. ಅದರ ನೆಲಮಾಳಿಗೆಯಲ್ಲಿ ಒಂದು ಮೇನ್‌ಫ್ರೇಮ್ ಕಂಪ್ಯೂಟರ್, ಎರಡು ಬೀರು ಜೋಡಿಸಿಟ್ಟಷ್ಟು ದೊಡ್ಡದು, ಸದಾ ಗುಂಯ್‌ಗುಡುವಂಥದ್ದು. ಆ ಕೋಣೆಯ ಚಳಿಗೆ ಅವಳು ನಡುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಅವಳ ದನಿ ಆಚೆ ದಡದವರನ್ನು ಕೂಗುವಷ್ಟು ಏರಿಬಿಟ್ಟಿತ್ತು. ನಮ್ಮಕ್ಕನಿಗೆ ಗುಟ್ಟು ಹೇಳಬಹುದು, ಅವಳ ಹತ್ತಿರ ಗುಟ್ಟು ಕೇಳೋಕಾಗಲ್ಲ, ಬೀದಿಗೆಲ್ಲ ಕೇಳಿಸತ್ತೆ ಎಂದು ಅವಳ ತಮ್ಮ ತಮಾಷೆ ಮಾಡುತ್ತಿದ್ದ.

ಕಿಡ್ನಿ ಕೆಟ್ಟು, ಇನ್ನೊಬ್ಬರ ಕಿಡ್ನಿಗಾಗಿ ಕಾಯುತ್ತಿದ್ದ ಆ ಸೀಮೆಯವರೆಲ್ಲರ ವಿವರ ಆ ಯಂತ್ರದ ಹೊಟ್ಟೆಯಲ್ಲಿತ್ತು. ಬೆಳಿಗ್ಗೆ ಆಸ್ಪತ್ರೆಗಳು ತಂತಮ್ಮ ಫೈಲುಗಳನ್ನು ಕಳಿಸುತ್ತಿದ್ದವು. ಮಧ್ಯಾಹ್ನ ಅಂಕಿಅಂಶದ ಸಾಫ್ಟ್‌ವೇರ್ ಅವನ್ನೆಲ್ಲ ಓದಿ, ಯಾರು ಎಷ್ಟು ಕಾಲದಿಂದ ಕಾಯುತ್ತಿದ್ದಾರೆ, ರಕ್ತದ ಗುಂಪು ಯಾವುದು, ವಯಸ್ಸೆಷ್ಟು ಎಂದೆಲ್ಲ ತೂಗಿ ಸರದಿ ಕಟ್ಟುತ್ತಿತ್ತು. ಎಲ್ಲಾದರೂ ಒಂದು ಕಿಡ್ನಿ ಸಿಕ್ಕಿತೆಂದರೆ ಆ ಸರದಿಯ ಪ್ರಕಾರವೇ ಕರೆ ಹೋಗಬೇಕು. ತೂಗುವ ಸೂತ್ರ ಬರೆದವರು ಮಹಡಿಯ ಮೇಲೆ ಕೂರುವ ಸಂಖ್ಯಾಶಾಸ್ತ್ರಜ್ಞರು. ಅವರನ್ನು ಕಚೇರಿ ಮೇಷ್ಟ್ರು ಎನ್ನುತ್ತಿತ್ತು. ಯಂತ್ರದಕ್ಕನ ಕೆಲಸ ಸೂತ್ರದ್ದಲ್ಲ. ಆ ಸಾಫ್ಟ್‌ವೇರ್ ಫೈಲುಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಅದಕ್ಕೆ ಬುದ್ಧಿ ಹೇಳಿಡುವುದು ಅವಳ ಕೆಲಸ.

ಇದೇನು ಮಹಾ ಕೆಲಸ ಅನ್ನುತ್ತೀರಿ. ಅನ್ನಿ, ಎಲ್ಲರೂ ಮೊದಲು ಹಾಗೇ ಅಂದವರೇ. ಕೇಳಿದ ಫೈಲು ಇಲ್ಲದಿದ್ದರೆ ಯಂತ್ರ ಸುಮ್ಮನೆ ಹೊಸದೊಂದನ್ನು ಮಾಡಿಕೊಳ್ಳಲೇ, ಇಲ್ಲ ನಿಂತು ಕೇಳಲೇ? ಬೇರೆ ಯಾರೋ ಅದೇ ಫೈಲನ್ನು ತೆರೆದಿದ್ದರೆ ಕಾಯಲೇ, ನುಗ್ಗಲೇ? ಬರೆಯುವುದಕ್ಕೆ ಎಷ್ಟು ಜಾಗ ಹಿಡಿದಿಟ್ಟುಕೊಳ್ಳಲಿ? ಏನಾದರೂ ಎಡವಟ್ಟಾದರೆ ವಿವರವಾಗಿ ಹೇಳಲೇ, ಸುಮ್ಮನಿರಲೇ? ಇಂಥ ಪ್ರತಿಯೊಂದು ಪ್ರಶ್ನೆಗೂ ಒಂದೊಂದು ಸಾಲಿನ ಉತ್ತರವನ್ನು ಮುಂಚೆಯೇ ಬರೆದಿಟ್ಟಿರಬೇಕು. ಬರೆದಿಡದಿದ್ದರೆ ಯಂತ್ರ ತನ್ನ ಹುಟ್ಟುಬುದ್ಧಿಯಂತೆ ನಡೆಯುತ್ತದೆ, ಅದರ ಹುಟ್ಟುಬುದ್ಧಿ ಎಲ್ಲರಿಗೂ ಸರಿಹೊಂದಬೇಕೆಂದಿಲ್ಲ.

ಆ ಒಂದೊಂದು ಸಾಲಿನ ಮುಂದೂ ಯಂತ್ರದಕ್ಕ ಕೇಳಿಕೊಳ್ಳುತ್ತಿದ್ದುದು ಒಂದೇ ಪ್ರಶ್ನೆ: "ಇದು ತಪ್ಪಾದ್ರೆ ಯಾರಿಗೆ ಗೊತ್ತಾಗತ್ತೆ?" ಕೂಗಾಡಿ ನಿಲ್ಲುವ ತಪ್ಪಿಗೆ ಅವಳು ಹೆದರುವವಳಲ್ಲ. ಸದ್ದಿಲ್ಲದೆ ಆಗಿಹೋಗುವ ತಪ್ಪು ಕಂಡರೆ ಮಾತ್ರ ಅವಳಿಗೆ ಹಾವು ಕಂಡಂತೆ. ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಕಡೆಗಳಲ್ಲೆಲ್ಲ ಅವಳು ಕಾವಲು ಹಾಕುತ್ತಿದ್ದಳು, ಯಂತ್ರ ನಿಂತು ಕೇಳುವ ಹಾಗೆ ಮಾಡುತ್ತಿದ್ದಳು. ಇದರಿಂದ ಕೆಲಸ ತಡವಾಗುತ್ತದೆ ಎಂದು ಮೇಲಿನವರು ಗೊಣಗುವುದಿತ್ತು. "ತಡ ಆದ್ರೆ ಬೈತೀರಿ, ಕಾಣೆಯಾದ್ರೆ ಯಾರನ್ನ ಬೈತೀರಿ?" ಎಂದು ಅವಳು ಕೇಳುತ್ತಿದ್ದಳು.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಸಾಲನ್ನು ಬದಲಿಸುವವರು ತಾವೇ ಕೀಲಿ ಒತ್ತುವ ಹಾಗಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಬದಲಿಸುವವರು ಗಟ್ಟಿಯಾಗಿ ಓದಬೇಕು: ಮೊದಲು ಹೇಗಿತ್ತು, ಇನ್ನು ಹೇಗಿರುತ್ತದೆ, ಯಾಕೆ, ಇದರಿಂದ ಯಾರಿಗೆ ತೊಂದರೆ. ಕೂತವರು ಅದನ್ನೇ ತಿರುಗಿ ಹೇಳಿ, ಆಮೇಲೆ ಕೀಲಿ ಒತ್ತಬೇಕು. ಹೊರಗಿನವರು ನೋಡಿದರೆ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಕಾಣುತ್ತಿತ್ತು. ಹೊಸಬರು ನಗುತ್ತಿದ್ದರು, ಸ್ವಲ್ಪ ದಿನಕ್ಕೆ ನಗು ನಿಲ್ಲುತ್ತಿತ್ತು.

ಈಗ ತಮ್ಮನ ವಿಷಯಕ್ಕೆ ಬರೋಣ, ಯಾಕೆಂದರೆ ಈ ಕಥೆಯ ಸಂಕಟವೆಲ್ಲ ಇರುವುದು ಅವನಲ್ಲಿ.

ತಾಯಿ ಬೇಗ ತೀರಿಕೊಂಡ ಮನೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಸೊಂಟದಿಂದ ಇಳಿಸಿದ ಮೇಲೂ ಬಿಟ್ಟವಳಲ್ಲ. ಮದುವೆ ಗಿದುವೆ ಎಂದು ತನಗೇನೂ ಮಾಡಿಕೊಳ್ಳದೆ, ಅವನಿಗೆ ಮಾಡಿಸಿ, ಅವನ ಮನೆಯ ಮಹಡಿಯ ಒಂದು ಕೋಣೆಯಲ್ಲಿ ಉಳಿದಳು. ಅವನೋ ಬೇಕರಿಯವನು. ಕೆಳಗೆ ಅಂಗಡಿ, ಹಿಂದೆ ಒಲೆ, ಮೇಲೆ ಮನೆ. ಬ್ರೆಡ್ಡಿನ ಹಿಟ್ಟನ್ನು ಮಗುವಿನ ಕೆನ್ನೆ ತಟ್ಟುವ ಹಾಗೆ ತಟ್ಟುತ್ತಿದ್ದ. ಬಾಯಂತೂ ಮುಚ್ಚುತ್ತಲೇ ಇರಲಿಲ್ಲ. ಬ್ರೆಡ್ ಕೊಳ್ಳಲು ಬಂದವರು ಅರ್ಧ ಗಂಟೆ ನಿಂತು ನಕ್ಕು, ಬ್ರೆಡ್ಡನ್ನೇ ಮರೆತು ಹೋಗುತ್ತಿದ್ದ ಅಂಗಡಿ ಅದು.

ಅಂಥವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು, ಅರ್ಧ ದಿನ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ನೀರಿನ ವಿಷಯ. ಬೆಂಕಿಯ ಮುಂದೆ ನಿಲ್ಲುವ ಮನುಷ್ಯ, ದಿನಕ್ಕೆ ಕುಡಿಯಬಹುದಾದದ್ದು ಎರಡು ಸಣ್ಣ ಲೋಟ. ಮಂಜುಗಡ್ಡೆಯ ಚೂರೊಂದನ್ನು ದವಡೆಯಲ್ಲಿಟ್ಟುಕೊಂಡು ಅದು ಕರಗುವವರೆಗೂ ಮಾತು ನಿಲ್ಲಿಸುತ್ತಿದ್ದ. ಅವನು ಸುಮ್ಮನಿದ್ದ ಹೊತ್ತು ಅದೊಂದೇ. ಯಂತ್ರದಕ್ಕ ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಪರೀಕ್ಷೆಗೆ ಹೋದಳು. ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ, ಆಗುವುದಿಲ್ಲ ಎಂದರು. ತಮ್ಮನ ಹೆಂಡತಿಯದು ರಕ್ತದ ಗುಂಪೇ ಬೇರೆ. ಪರೀಕ್ಷೆಯ ಫಲಿತಾಂಶ ಕೇಳಿ ಬಂದ ದಿನ ಯಂತ್ರದಕ್ಕ ಮಹಡಿಯ ಕೋಣೆಯಲ್ಲಿ ಕೂತು ಅತ್ತಳು. ಅವಳ ದನಿ ಕೇಳಬೇಕೆ, ಅಳುವುದು ಅಂಗಡಿಗೆಲ್ಲ ಕೇಳಿಸಿತು. "ನಮ್ಮಕ್ಕ ಹಾಡ್ತಿದಾಳೆ" ಎಂದು ತಮ್ಮ ಗಿರಾಕಿಗಳಿಗೆ ಹೇಳಿದನಂತೆ, ಹೇಳಿ ಹಿಂದಕ್ಕೆ ಹೋಗಿ ತಾನೂ ಕಣ್ಣೊರೆಸಿಕೊಂಡ.

ಹಾಗಾಗಿ ಅವನ ಹೆಸರೂ ಸರದಿಗೆ ಸೇರಿತು. ಹೆಸರೆಂದರೆ ಹೆಸರಲ್ಲ, ಯಂತ್ರದಲ್ಲಿ ಇರುವುದು ಬರೀ ಸಂಖ್ಯೆಗಳು. ಆದರೆ ತಮ್ಮನ ಚೀಟಿಯ ಸಂಖ್ಯೆ ಅಕ್ಕನಿಗೆ ಬಾಯಿಪಾಠ. ತನ್ನವರು ಸರದಿಯಲ್ಲಿದ್ದರೆ ಸರದಿ ನೋಡಬಾರದು ಎಂದು ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನೋಡಬಾರದು ಎಂದು ಅವಳಿಗೇ ಗೊತ್ತಿತ್ತು. ಆದರೂ ಮೂರು ಗಂಟೆಯ ಲೆಕ್ಕ ಮುಗಿದ ಮೇಲೆ ಒಂದು ಕಣ್ಣು ಹಾಯಿಸುತ್ತಿದ್ದಳು. ಅವಳೂ ಮನುಷ್ಯಳೇ ತಾನೆ. ಆ ಸಂಖ್ಯೆ ಮೆಲ್ಲಗೆ ಮೆಲ್ಲಗೆ ಮೇಲೇರಿ, ಒಂದು ದಿನ ಅವನ ರಕ್ತದ ಗುಂಪಿನವರ ಪೈಕಿ ಎಲ್ಲರಿಗಿಂತ ಮೇಲೆ ಬಂದು ಕೂತಿತು. ಆ ವಾರವೇ ವೈದ್ಯರೂ ತಮ್ಮನನ್ನು ಕರೆದು, ಇನ್ನು ಮುಂದಿನದು ನಿನ್ನದೇ, ಚೀಲ ಕಟ್ಟಿಟ್ಟುಕೊ, ಫೋನ್ ಕೈಬಿಡಬೇಡ ಎಂದರು. ಬೇಕರಿಯಲ್ಲಿ ಹೊಸ ಜೀವ ಬಂತು. ತಮ್ಮನ ಹೆಂಡತಿ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟವೆಲ್ ಇಟ್ಟು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.

ಇಷ್ಟರ ಮಧ್ಯೆ ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿತ್ತು. ತಮ್ಮನಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಂತ್ರದಕ್ಕ ಕೆಲವು ದಿನ ರಜೆ ಹಾಕಿದ್ದಳು, ಆಗಲೇ ಹೊರಗಿನ ಗುತ್ತಿಗೆಯವರು ಬಂದು ಅದನ್ನು ಕೂರಿಸಿ ಹೋಗಿದ್ದರು. ಅವಳ ಹಳೆಯ ಸಾಲುಗಳನ್ನು ಬಹುಮಟ್ಟಿಗೆ ಎತ್ತಿ ತಂದು ಹಾಕಿದ್ದರು. ಬಹುಮಟ್ಟಿಗೆ ಅನ್ನುವ ಮಾತು ಕೇಳಿದರೆ ಯಂತ್ರದಕ್ಕನಿಗೆ ನಿದ್ದೆ ಬರುವುದಿಲ್ಲ. ಆಸ್ಪತ್ರೆ ಓಡಾಟ ಕಡಿಮೆಯಾದ ಮೇಲೆ, ಒಂದು ಬೆಳಿಗ್ಗೆ, ಅವಳು ಎಲ್ಲ ಸಾಲುಗಳನ್ನೂ ಮೊದಲಿನಿಂದ ಓದಲು ಕೂತಳು.

ಓದುತ್ತ ಓದುತ್ತ ಒಂದು ಸಾಲಿನ ಹತ್ತಿರ ನಿಂತಳು. ಫೈಲಿನ ಹೆಸರಿಗೆ ಕೊನೆಯಲ್ಲಿ ಒಂದು ಚುಕ್ಕಿ, ಚುಕ್ಕಿಯ ಆಚೆ ಒಂದು ಪುಟ್ಟ ಬಾಲ ಇರುತ್ತದಲ್ಲ, ಅದರ ಬಗೆಗಿನ ಸಾಲು ಅದು. ಆ ಮೇನ್‌ಫ್ರೇಮಿನಲ್ಲಿ ಆಸ್ಪತ್ರೆಗಳ ಫೈಲುಗಳು ಒಂದು ದೊಡ್ಡ ಬೀರುವಿನ ಖಾನೆಗಳಲ್ಲಿ ಇಟ್ಟ ಹಾಗೆ ಇರುತ್ತವೆ, ಒಂದು ಹೆಸರಿಗೆ ಒಂದು ಖಾನೆ. ಹೆಸರಿಗೆ ಬಾಲ ಇದ್ದರೆ ಏನು ಮಾಡಬೇಕು? ಬಾಲ ನೋಡಿ ತಪಾಸಣೆ ಮಾಡು, ಹೊಂದದಿದ್ದರೆ ನಿಲ್ಲು ಎಂದು ಅವಳು ಹಿಂದೆ ಬರೆದಿಟ್ಟಿದ್ದಳು. ಈಗ ಅಲ್ಲಿದ್ದದ್ದು ಯಂತ್ರದ ಹುಟ್ಟುಬುದ್ಧಿ: ಬಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ಇದು ತಪ್ಪಾದರೆ ಯಾರಿಗೆ ಗೊತ್ತಾಗುತ್ತದೆ? ಎಂದಿನಂತೆ ಕೇಳಿಕೊಂಡಳು. ಒಂದೇ ಹೆಸರಿನ, ಬೇರೆ ಬೇರೆ ಬಾಲದ ಎರಡು ಪುಟ್ಟ ಫೈಲುಗಳನ್ನು ತಾನೇ ಮಾಡಿ, ಒಂದರ ಹಿಂದೆ ಒಂದನ್ನು ಬರೆಸಿ ನೋಡಿದಳು. ಎರಡೂ ಒಂದೇ ಖಾನೆಗೆ ಹೋದವು. ಎರಡನೆಯದು ಉಳಿಯಿತು, ಮೊದಲನೆಯದು ಮಾಯ. ಯಂತ್ರ ಒಂದು ಮಾತೂ ಆಡಲಿಲ್ಲ, ಎಲ್ಲ ಸುಗಮ ಎಂದು ಬರೆದು ಮುಗಿಸಿತು. ಇದ್ದ ಫೈಲಿನ ಮೇಲೆ ಹೊಸದನ್ನು ಬರೆಯುವುದು ಅದರ ಪಾಲಿಗೆ ತಪ್ಪೇ ಅಲ್ಲವಲ್ಲ.

ಹೆಚ್ಚಿನ ಆಸ್ಪತ್ರೆಗಳು ಕಳಿಸುವುದು ಒಂದೊಂದೇ ಫೈಲು, ಅವಕ್ಕೆ ಇದರಿಂದ ಬಾಧೆಯಿಲ್ಲ. ಎರಡು ಕಳಿಸುತ್ತಿದ್ದದ್ದು ಒಂದೇ ಒಂದು ಕಡೆಯವರು: ದೂರದ ಗುಡ್ಡದ ಮೇಲಿನ ಚಿಕ್ಕ ಚಿಕಿತ್ಸಾಲಯ. ಅಲ್ಲಿ ಹಳೆಯ ಕಟ್ಟಡದ ರೋಗಿಗಳದ್ದೊಂದು, ಹೊಸ ಕಟ್ಟಡದವರದ್ದೊಂದು. ಹೆಸರು ಒಂದೇ, ಬಾಲ ಬೇರೆ. ಯಂತ್ರದಕ್ಕ ಆ ಖಾನೆ ತೆರೆದು ನೋಡಿದಳು. ಹೊಸ ಕಟ್ಟಡದವರು ಮಾತ್ರ ಇದ್ದರು. ಎಲ್ಲರಿಗಿಂತ ಹೆಚ್ಚು ಕಾಲದಿಂದ ಕಾಯುತ್ತಿದ್ದ ಹಳೆಯ ಕಟ್ಟಡದವರು ಹೊಸ ಆವೃತ್ತಿ ಬಂದ ದಿನದಿಂದ ಸರದಿಯಲ್ಲೇ ಇರಲಿಲ್ಲ. ಚೀಲ ಕಟ್ಟಿಟ್ಟುಕೊಂಡು ಅವರೂ ಫೋನು ನೋಡುತ್ತ ಕೂತಿರಬೇಕು, ಯಾರಿಗೂ ಗೊತ್ತಿಲ್ಲ.

ಮರುಗಳಿಗೆ ಅವಳಿಗೆ ಇನ್ನೊಂದು ಹೊಳೆಯಿತು. ತಮ್ಮನ ಸಂಖ್ಯೆ ಎಲ್ಲರಿಗಿಂತ ಮೇಲೆ ಬಂದದ್ದು ಅವರು ಕಾಣೆಯಾದದ್ದರಿಂದಲೇ. ಕಳೆದುಹೋದವರ ಹಳೆಯ ವಿವರ ತೆಗೆದು ಕೈಯಲ್ಲೇ ತೂಗಿ ನೋಡಿದಳು. ಅವನ ರಕ್ತದ ಗುಂಪಿನ ನಾಲ್ವರು ಅವನಿಗಿಂತ ಮುಂದೆ ಇರಬೇಕಾದವರು. ಈ ಸಾಲನ್ನು ಸರಿಮಾಡಿದರೆ ಮೊದಲನೆಯವನು ಐದನೆಯವನಾಗುತ್ತಾನೆ.

ಅವಳು ಮಹಡಿ ಹತ್ತಿ ಮೇಷ್ಟ್ರ ಬಳಿ ಹೋಗಿ ಎಲ್ಲವನ್ನೂ ತೋರಿಸಿದಳು. ಮೇಷ್ಟ್ರು ಒಳ್ಳೆಯವರು. ಆ ಕಚೇರಿಯಲ್ಲಿ ಅವಳ ತಮ್ಮನ ಕಥೆ ಗೊತ್ತಿದ್ದವರಲ್ಲಿ ಒಬ್ಬರು. ಅವನ ಬೇಕರಿಯ ಗಿರಾಕಿಯೂ ಹೌದು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ಆ ಸಾಲನ್ನೇ ನೋಡಿದರು.

"ಇದನ್ನ ಸರಿ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಬದಲಾವಣೆಗಳಿಗೆ ಸೋಮವಾರ ಅಂತ ದಿನ ಇದೆಯಲ್ಲ. ಸೋಮವಾರವೇ ಹಾಕಿದ್ರೂ ನಿಯಮದ ಪ್ರಕಾರವೇ ಇರತ್ತೆ. ತುರ್ತು ಅಂತ ಇವತ್ತೇ ಹಾಕೋದಾದ್ರೂ ಹಾಕಬಹುದು. ಅದು ನಿಮಗೆ ಬಿಟ್ಟಿದ್ದು" ಎಂದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಡಿದ ಮಾತು. ಅದರಲ್ಲಿದ್ದ ಕರುಣೆ ಯಂತ್ರದಕ್ಕನಿಗೆ ಅರ್ಥವಾಗದೆ ಇರಲಿಲ್ಲ. ಸೋಮವಾರದ ಒಳಗೆ ಒಂದು ಕಿಡ್ನಿ ಬಂದರೆ ಅದು ತಮ್ಮನದು. ಯಾರೂ ಬೆರಳು ತೋರಿಸುವಂತಿಲ್ಲ.

"ಸೋಮವಾರ ಹಾಕಿದ್ರೆ ಯಾರಾದ್ರೂ ಏನಾದ್ರೂ ಅಂತಾರಾ?" ಎಂದು ಕೇಳಿದಳು.

"ಅನ್ನೋಕೆ ಯಾರಿಗೆ ಗೊತ್ತಾಗತ್ತೆ?" ಎಂದರು ಮೇಷ್ಟ್ರು. ಬೇಕೆಂದು ಚುಚ್ಚಿದ್ದಲ್ಲ, ಸಹಜವಾಗಿ ಬಾಯಿಗೆ ಬಂದದ್ದು. ತನ್ನ ಮಾತೇ ತನ್ನ ಕೆನ್ನೆಗೆ ಬಂದು ಬಡಿದರೆ ಹೇಗಿರುತ್ತದೆ ಎಂದು ಯಂತ್ರದಕ್ಕನಿಗೆ ಆವತ್ತು ಗೊತ್ತಾಯಿತು.

ಅವಳಿಗೆ ಆಸೆಯಾಗಲಿಲ್ಲವೇ? ಆಯಿತು. ಸುಳ್ಳು ಯಾಕೆ ಹೇಳಬೇಕು. ಆಸೆಯಾಗದವರನ್ನು ಹೊಗಳುವುದರಲ್ಲಿ ಏನಿದೆ, ಹಸಿವಿಲ್ಲದವನು ಉಪವಾಸ ಮಾಡಿದ ಹಾಗೆ. ಮೆಟ್ಟಿಲ ಬುಡದಲ್ಲಿ ನಿಂತು ಅವಳು ತಮ್ಮನಿಗೆ ಫೋನ್ ಮಾಡಿದಳು. ಸುಮ್ಮನೆ ಮಾಡಿದೆ, ಹೇಗಿದೀಯ ಎಂದಳು.

"ಚೆನ್ನಾಗಿದೀನಿ. ಇವತ್ತು ಬನ್ ಎಷ್ಟು ಉಬ್ಬಿದೆ ಗೊತ್ತಾ, ನಿಮ್ಮ ಡೈರೆಕ್ಟರ್ ಹೊಟ್ಟೆ ಥರ ಇದೆ" ಎಂದ. ಆಮೇಲೆ, "ಏನಕ್ಕಾ, ಫೋನ್ ರಿಂಗಾದ್ರೆ ಸಾಕು, ಆಸ್ಪತ್ರೆಯವರದೇ ಅಂತ ಎದೆ ಹಾರತ್ತೆ. ನೀನು ಸುಮ್ಮಸುಮ್ಮನೆ ಮಾಡಬೇಡಮ್ಮ" ಎಂದ.

"ಆಯ್ತಪ್ಪ, ಇನ್ನು ಮಾಡಲ್ಲ" ಎಂದು ಇಟ್ಟಳು. ಇಟ್ಟು ಗೋಡೆಗೆ ಒರಗಿ ನಿಂತಳು. ಗುಡ್ಡದ ಮೇಲೂ ನಾಲ್ಕು ಮನೆಗಳಲ್ಲಿ ಫೋನು ರಿಂಗಾದರೆ ಹೀಗೇ ಎದೆ ಹಾರುತ್ತಿರುತ್ತದೆ. ಅವರ ಫೋನಿಗೆ ಕರೆ ಬರುವ ದಾರಿಯೇ ಕಡಿದು ಹೋಗಿದೆ, ಅದು ಗೊತ್ತಿರುವುದು ಲೋಕದಲ್ಲಿ ತನಗೆ ಮತ್ತು ಮೇಷ್ಟ್ರಿಗೆ. ಗೊತ್ತಾದ ಗಳಿಗೆಯಿಂದ ಅದು ಯಂತ್ರದ ತಪ್ಪಲ್ಲ, ತನ್ನದು. ಇಷ್ಟು ಹೊಳೆದ ಮೇಲೆ ಅವಳು ಬಹಳ ಯೋಚಿಸಲಿಲ್ಲ. ಯೋಚಿಸಿದರೆ ಕಾಲು ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನದ ಲೆಕ್ಕ ಶುರುವಾಗುವ ಮುಂಚೆ ಮೇಷ್ಟ್ರನ್ನು ಕೆಳಗೆ ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಪದ್ಧತಿಯಂತೆ ಗಟ್ಟಿಯಾಗಿ ಓದತೊಡಗಿದಳು.

"ಮೊದಲು ಇದ್ದದ್ದು: ಹೆಸರಿನ ಬಾಲ ಬಿಟ್ಟುಬಿಡು. ಇನ್ನು ಮುಂದೆ: ಬಾಲ ತಪಾಸಣೆ ಮಾಡು, ಹೊಂದದೆ ಇದ್ರೆ ನಿಲ್ಲು. ಗುಡ್ಡದವರ ಎರಡು ಫೈಲಿಗೂ ಬೇರೆ ಬೇರೆ ಖಾನೆ. ಯಾಕೆ: ಒಂದರ ಮೇಲೆ ಒಂದು ಬಿದ್ದು ಹಳೇ ಕಟ್ಟಡದ ರೋಗಿಗಳು ಸರದಿಯಿಂದ ಕಾಣೆಯಾಗಿದಾರೆ."

ಮೇಷ್ಟ್ರು ಒಂದೊಂದನ್ನೂ ತಿರುಗಿ ಹೇಳಿದರು. ಕೊನೆಯ ಪ್ರಶ್ನೆ ಉಳಿಯಿತು. ಇದರಿಂದ ಯಾರಿಗೆ ತೊಂದರೆ? ಬೇರೆ ದಿನಗಳಲ್ಲಾಗಿದ್ದರೆ ಯಾರಿಗೂ ಇಲ್ಲ ಎಂದು ಹೇಳಿ ಮುಗಿಸುವುದು ರೂಢಿ.

"ನನ್ನ ತಮ್ಮನಿಗೆ" ಎಂದಳು ಯಂತ್ರದಕ್ಕ. ಯಾವತ್ತೂ ಇಳಿಯದ ಅವಳ ದನಿ ಆವತ್ತು ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು.

ಮೇಷ್ಟ್ರು ಕಿವಿಯನ್ನು ಹತ್ತಿರ ತಂದರು. ಅವಳು ಇನ್ನೊಂದು ಸಲ ಹೇಳಿದಳು. ಪದ್ಧತಿ ಪದ್ಧತಿಯೇ, ತಿರುಗಿ ಹೇಳದೆ ಕೀಲಿ ಒತ್ತುವ ಹಾಗಿಲ್ಲ. "ನಿಮ್ಮ ತಮ್ಮನಿಗೆ" ಎಂದು ಹೇಳಿ ಅವರು ಕೀಲಿ ಒತ್ತಿದರು. ಮೂರು ಗಂಟೆಯ ಲೆಕ್ಕ ನಡೆಯಿತು. ಕಾಣೆಯಾಗಿದ್ದ ಗುಡ್ಡದವರೆಲ್ಲ ಸರದಿಗೆ ಮರಳಿ ಬಂದರು.

ಅವಳು ನೇರವಾಗಿ ನಿರ್ದೇಶಕರ ಕೋಣೆಗೆ ಹೋಗಿ, ನನ್ನ ತಮ್ಮ ಸರದಿಯಲ್ಲಿದ್ದಾನೆ, ನಾನು ದಿನಾ ನೋಡುತ್ತಿದ್ದೆ, ಇನ್ನು ಸರದಿ ನನ್ನ ಕಣ್ಣಿಗೆ ಬೀಳದ ಹಾಗೆ ಮಾಡಿ ಎಂದಳು. ನಿರ್ದೇಶಕರು ಹಾಗೇ ಮಾಡಿದರು. ಗುತ್ತಿಗೆಯವರಿಗೂ ಗುಡ್ಡದ ಚಿಕಿತ್ಸಾಲಯಕ್ಕೂ ಆಗಿದ್ದನ್ನು ಬರೆದು ತಿಳಿಸಿದರು. ಅಲ್ಲಿಯ ನರ್ಸಮ್ಮ ಫೋನಿನಲ್ಲಿ, "ಅದಕ್ಕೇನಾ ನಮ್ಮ ಹಳೇ ಕಟ್ಟಡದ ಒಬ್ಬರಿಗೂ ಕರೆ ಬರದೆ ಇದ್ದಿದ್ದು? ನಮ್ಮ ಹಣೆಬರಹ ಅಂದ್ಕೊಂಡಿದ್ವಿ" ಎಂದಳಂತೆ. ಮಿಷಿನ್ನಿನ ಒಂದು ಸಾಲನ್ನು ಹಣೆಬರಹ ಅಂದುಕೊಂಡು ಕೂತಿದ್ದರು, ಪಾಪ.

ಇನ್ನುಳಿದದ್ದು ಮನೆಗೆ ಹೋಗಿ ಹೇಳುವುದು. ಹೇಳದೆ ಇರಬಹುದಿತ್ತು. ಸರದಿ ಎಂದಮೇಲೆ ಹಿಂದುಮುಂದಾಗುತ್ತದೆ, ತಮ್ಮನೇನು ಲೆಕ್ಕ ಕೇಳುತ್ತಿರಲಿಲ್ಲ. ಆದರೆ ಕರೆ ಬರುತ್ತದೆಂದು ಅವನು ಮೊಳೆಯ ಮೇಲಿನ ಚೀಲ ನೋಡುತ್ತ ಕೂರುವುದನ್ನು ನೋಡುತ್ತ ತಾನು ಕೂರುವುದು ಅವಳಿಂದ ಆಗದ ಮಾತು. ಸಂಜೆ ಅಂಗಡಿಯಲ್ಲಿ ಗಿರಾಕಿಗಳು ಇಲ್ಲದ ಹೊತ್ತು ನೋಡಿ, ಗಂಡಹೆಂಡಿರಿಬ್ಬರನ್ನೂ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ತಮ್ಮನ ಹೆಂಡತಿ ಮಾತು ಕಡಿಮೆಯವಳು. ಆವತ್ತು ಅವಳ ಬಾಯಿ ತೆರೆಯಿತು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ಇದು ಹಾಗಲ್ಲ ಅತ್ತಿಗೆ, ಬಾಯಿಗಿಟ್ಟಿದ್ದನ್ನ ನೀವೇ ಕೈಹಾಕಿ ತೆಗೆದ್ರಿ. ಸೋಮವಾರದ ತನಕ ಕಾಯೋದಕ್ಕೆ ನಿಮಗೇನಾಗಿತ್ತು? ಮನೆಗೆ ಮಾರಿ ಊರಿಗೆ ಉಪಕಾರಿ" ಎಂದಳು. ಹೇಳುತ್ತ ಹೇಳುತ್ತ ಅತ್ತಳು. ಎದುರಾಡಲು ಏನಿತ್ತು, ಅವಳು ಕೇಳಿದ್ದರಲ್ಲಿ ಸುಳ್ಳೇನಿತ್ತು?

ತಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಒಲೆಯ ಕಡೆ ಹೋಗಿ, ಆಗಲೇ ಒರೆಸಿಟ್ಟಿದ್ದ ತಟ್ಟೆಗಳನ್ನು ಮತ್ತೆ ಒರೆಸತೊಡಗಿದ.

ಆ ವಾರ ದಾಟುವ ಮುಂಚೆಯೇ, ಸೋಮವಾರಕ್ಕೂ ಮೊದಲೇ, ಒಂದು ಕಿಡ್ನಿ ಬಂತು. ಅವನದೇ ರಕ್ತದ ಗುಂಪು. ಕರೆ ಹೋದದ್ದು ಗುಡ್ಡಕ್ಕೆ. ಆಸ್ಪತ್ರೆಯ ಹಾಸಿಗೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ತಮ್ಮನಿಗೆ ಅದು ಪಕ್ಕದ ಹಾಸಿಗೆಯವನಿಂದ ತಿಳಿಯಿತು. ಮನೆಗೆ ಬಂದವನು ಚೀಲವನ್ನು ಮೊಳೆಯಿಂದ ಇಳಿಸಿ, ಬಟ್ಟೆಗಳನ್ನು ತೆಗೆದು ಬೀರುವಿನಲ್ಲಿಟ್ಟ. ಅಕ್ಕನ ಜೊತೆ ಮಾತು ನಿಲ್ಲಿಸಿದ.

ಅಂಗಡಿಯಲ್ಲಿ ಗಿರಾಕಿಗಳ ಜೊತೆ ಎಂದಿನ ಹಾಗೇ ನಗು, ತಮಾಷೆ. ಅಕ್ಕ ಮೆಟ್ಟಿಲು ಇಳಿದು ಬಂದರೆ ಮಾತು ಬಂದ್. ಮೊದಲೆಲ್ಲ ಶನಿವಾರದ ರಕ್ತಶುದ್ಧಿಗೆ ಅವಳೇ ಜೊತೆಗೆ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದಳು. ಈಗ ಅವನು ಅಲ್ಲಿಯ ನರ್ಸಿಗೆ, ನನ್ನ ಹತ್ತಿರ ಯಾರೂ ಕೂರುವುದು ಬೇಡ ಎಂದುಬಿಟ್ಟ. ಯಂತ್ರದಕ್ಕ ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ, ಬಾಗಿಲಿನ ಗಾಜಿನಿಂದ ಅವನ ಪಾದ ಮಾತ್ರ ಕಾಣುವ ಜಾಗದಲ್ಲಿ ಕೂರುತ್ತಿದ್ದಳು. ಮುಗಿದ ಮೇಲೆ ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಒಂದೇ ಬಸ್ಸು ಹತ್ತಿ, ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬರುತ್ತಿದ್ದರು. ಕಂಡಕ್ಟರಿಗೂ ಅಭ್ಯಾಸವಾಗಿ, ಅಕ್ಕನಿಂದಲೇ ಎರಡು ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳುತ್ತಿದ್ದ.

ಅವಳು ಮಾಡಿದ್ದು ಸರಿ ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದರು. ನಾವೂ ಹೇಳುತ್ತೇವೆ. ಹೇಳುವವರಿಗೇನು, ಹೇಳಿ ಮನೆಗೆ ಹೋಗಿ ಉಂಡು ಮಲಗುತ್ತಾರೆ. ಸರಿಯಾದದ್ದನ್ನು ಮಾಡಿದವರಿಗೆ ಮನಸ್ಸು ಹಗುರಾಗುತ್ತದೆ ಅನ್ನುವ ಮಾತನ್ನು ಯಾರು ಹುಟ್ಟಿಸಿದರೋ ಕಾಣೆ. ಯಂತ್ರದಕ್ಕನ ಮನಸ್ಸು ಒಂದು ದಿನವೂ ಹಗುರಾಗಲಿಲ್ಲ. ತಮ್ಮನ ಮುಖ ಊದಿಕೊಂಡ ಬೆಳಿಗ್ಗೆಗಳಲ್ಲಿ, ಸೋಮವಾರದವರೆಗೆ ಸುಮ್ಮನಿದ್ದಿದ್ದರೆ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಅನಿಸಿದರೂ ಕಚೇರಿಗೆ ಹೋಗಿ, ಸ್ವೆಟರ್ ಹಾಕಿಕೊಂಡು, ಉಳಿದ ಸಾಲುಗಳನ್ನು ಒಂದೊಂದಾಗಿ ಓದಿ ಮುಗಿಸಿದಳು. ಇನ್ನೂ ಎರಡು ಕಡೆ ಹುಟ್ಟುಬುದ್ಧಿ ಉಳಿದುಕೊಂಡಿತ್ತು, ಅವನ್ನೂ ಸರಿ ಮಾಡಿಸಿದಳು. ನನ್ನನ್ನು ಕೇಳಿದರೆ, ಅವಳ ದೊಡ್ಡತನ ಆ ಮಧ್ಯಾಹ್ನದ್ದಕ್ಕಿಂತ ಈ ದಿನಗಳದ್ದು.

ಹೀಗೇ ಎರಡು ತಿಂಗಳು ನಡೆಯಿತು. ಒಂದು ಶನಿವಾರ ಒಳಗಿನಿಂದ ನರ್ಸ್ ಬಂದು, "ನಿಮ್ಮನ್ನ ಕರೀತಿದಾರೆ" ಎಂದಳು. ಯಂತ್ರದಕ್ಕ ಹೆದರಿ ಓಡಿದಳು. ತಮ್ಮ ಆರಾಮಾಗಿ ಮಲಗಿದ್ದ. ಮುಖ ಮಾತ್ರ ಗೋಡೆಯ ಕಡೆ ಇತ್ತು.

"ಕೂತ್ಕೋ" ಎಂದ. ಕೂತಳು.

"ಅದೇನು ಮಾಡಿದೆ ನೀನು, ಇನ್ನೊಂದು ಸಲ ಹೇಳು. ಆವತ್ತು ನನ್ನ ತಲೆಗೆ ಹೋಗಲಿಲ್ಲ."

ಅವಳು ಹೇಳಿದಳು. ಯಂತ್ರದ ಭಾಷೆ ಬಿಟ್ಟು ಬೇಕರಿಯ ಭಾಷೆಯಲ್ಲಿ ಹೇಳಿದಳು: "ಒಲೇಲಿ ಒಂದೇ ಗೂಡು ಇದೆ ಅಂತಿಟ್ಕೋ. ಒಂದು ತಟ್ಟೆ ಒಳಗಿಟ್ಟಿದೀಯ. ಅದು ಇನ್ನೂ ಬೇಯ್ತಿರುವಾಗ ಇನ್ನೊಂದು ತಟ್ಟೆ ಅದೇ ಗೂಡಿಗೆ ತಳ್ಳಿದ್ರೆ?"

"ಮೊದಲನೇದು ಹಿಂದಕ್ಕೆ ಬಿದ್ದು ಬೂದಿ ಆಗತ್ತೆ."

"ಹಾಗೆ."

"ಬೂದಿ ಆಗಿದ್ದು ಹೊರಗಡೆ ನಿಂತವರಿಗೆ ಕಾಣಲ್ಲ."

"ಕಾಣಲ್ಲ."

ಪಕ್ಕದ ಯಂತ್ರದಲ್ಲಿ ಅವನ ರಕ್ತ ಕೆಂಪು ನಳಿಗೆಗಳಲ್ಲಿ ಹೋಗಿ ಬರುತ್ತಿತ್ತು. "ನಾನು ಆ ಗುಡ್ಡದ ಮೇಲೆ ಇದ್ದಿದ್ರೆ ನೀನು ಯಾರು ಏನು ಅಂತ ಗೊತ್ತಿಲ್ದೇನೇ ನಿನಗೆ ಕೈ ಮುಗೀತಿದ್ದೆ ಅಕ್ಕಾ. ಇಲ್ಲಿದೀನಲ್ಲ, ಅದಕ್ಕೆ ಸಿಟ್ಟು ಬಂತು" ಎಂದ.

"ಬರಲಿ ಬಿಡು. ಬರದೆ ಇರತ್ತಾ."

"ಇನ್ನೂ ಹೋಗಿಲ್ಲ."

"ಇರಲಿ. ನಾನೆಲ್ಲಿಗೆ ಹೋಗ್ತೀನಿ."

"ಈಗ ನಾನು ಎಷ್ಟನೆಯವನು?"

"ಗೊತ್ತಿಲ್ಲ. ನಾನು ನೋಡೋ ಹಾಗಿಲ್ಲ. ನಾನೇ ಬೇಡ ಅಂದೆ."

ಅವನು ಮುಖ ಈಚೆಗೆ ತಿರುಗಿಸಿದ. ಕಣ್ಣು ಕೆಂಪಾಗಿದ್ದವು. ಸೂಜಿಯಿಲ್ಲದ ಕೈಯನ್ನು ಹಾಸಿಗೆಯ ಅಂಚಿಗೆ ತಂದಿಟ್ಟ. ಯಂತ್ರದಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆ ಗುಡ್ಡದವರು" ಎಂದ ತಮ್ಮ, "ಕಿಡ್ನಿ ಸಿಕ್ತಲ್ಲ, ಅವರು. ಹೇಗಿದಾರಂತೆ?"